ಚಕ್ರವರ್ತಿಯ ಅನ್ನಭೋಗ, ಮಲಪ್ರಭೆಯ ಅಂಬಲಿ

ಕವಿಚರಿತ್ರೆಯನ್ನು ಬರೆಯುವವರು ಕಾಲ, ದೇಶ, ಗುರು, ಆಶ್ರಯದಾತ, ಕೃತಿ ಎಂಬ ಐದು ಸಂಗತಿಗಳನ್ನು ಮೊದಲು ನಿರ್ಣಯಿಸುತ್ತಾರೆ. ಕವಿ ಏನನ್ನು ಉಂಡ, ಯಾವ ತಿನಿಸನ್ನು ಮೆಚ್ಚಿದ ಎಂಬುದು ಚರಿತ್ರೆಯ ಅಂಚಿಗೂ ಬರುವುದಿಲ್ಲ. ಅದು ಕ್ಷುಲ್ಲಕ ವಿಷಯವೆಂಬ ಭಾವನೆ ಇದಕ್ಕೆ ಒಂದು ಕಾರಣ, ಕವಿಗಳೇ ತಮ್ಮ ಊಟದ ಸಂಗತಿಯನ್ನು ಹೇಳಿಕೊಳ್ಳದಿರುವುದು ಇನ್ನೊಂದು. ಈ ಮೌನವನ್ನು ಮುರಿದ ಒಬ್ಬ ಮಹಾಲೇಖಕ ಕನ್ನಡ ನೆಲದಲ್ಲಿ ಆಗಿಹೋಗಿದ್ದಾನೆ. ಅವನು ಅರಸನೂ ಹೌದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ ಅನ್ನವನ್ನು ಶಾಸ್ತ್ರದ ಘನತೆಗೆ ಏರಿಸಿ ಬರೆದವನು. ಇಂದು ಕನ್ನಡಿಗರು ಬೆಳಗಿನ ಹೊತ್ತು ತಿನ್ನುವ ಇಡ್ಲಿ-ದೋಸೆಗಳ ಪೂರ್ವಜರನ್ನು ಹುಡುಕುವವರು ಕೊನೆಗೆ ಅವನ ಗ್ರಂಥದ ಬಾಗಿಲಿಗೇ ಬಂದು ನಿಲ್ಲುತ್ತಾರೆ.

ಸೋಮೇಶ್ವರನ ರಾಜಧಾನಿ ಕಲ್ಯಾಣ, ವಂಶದ ನೆನಪು ಮಾತ್ರ ಮಲಪ್ರಭೆಯ ದಡದ್ದು. ಕಲ್ಯಾಣದ ಚಾಲುಕ್ಯರು ತಮ್ಮನ್ನು ಬಾದಾಮಿಯ ಚಾಲುಕ್ಯರ ಸಂತತಿಯೆಂದು ಹೇಳಿಕೊಂಡರು. 543ರಲ್ಲಿ ಒಂದನೆಯ ಪುಲಕೇಶಿ ವಾತಾಪಿಯ ಬೆಟ್ಟವನ್ನು ಕೋಟೆಯಾಗಿಸಿದ. 634ರಲ್ಲಿ ರವಿಕೀರ್ತಿ ಐಹೊಳೆಯ ಮೇಗುತಿ ಬೆಟ್ಟದ ಜಿನಾಲಯದಲ್ಲಿ ಇಮ್ಮಡಿ ಪುಲಕೇಶಿಯ ವಿಜಯಗಳನ್ನು ಕಲ್ಲಿಗೇರಿಸಿ, ತನ್ನನ್ನು ಕಾಳಿದಾಸ-ಭಾರವಿಗಳಿಗೆ ಸಾಟಿಯೆಂದು ಘೋಷಿಸಿಕೊಂಡ. ಬಾದಾಮಿ, ಮಹಾಕೂಟ, ಕಿಸುವೊಳಲೆಂಬ ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ ಈ ಸಾಲು ಇಂದಿನ ಬಾಗಲಕೋಟೆ ಜಿಲ್ಲೆಯ ಬಾದಾಮಿ, ಹುನಗುಂದ ಸೀಮೆಗಳಲ್ಲಿ ಹರಡಿದೆ. ಇತಿಹಾಸದ ವಿದ್ಯಾರ್ಥಿಗಳು ಈ ಸಾಲನ್ನು ಶಿಲ್ಪಕ್ಕಾಗಿ, ಶಾಸನಕ್ಕಾಗಿ ಓದಿದ್ದಾರೆ. ಅದೇ ಸಾಲನ್ನು ಅನ್ನಕ್ಕಾಗಿಯೂ ಓದಬಹುದು.

ಆರನೆಯ ವಿಕ್ರಮಾದಿತ್ಯನ ಮಗನಾದ ಸೋಮೇಶ್ವರ 1126-27ರಲ್ಲಿ ಪಟ್ಟಕ್ಕೆ ಬಂದು ಸುಮಾರು ಹನ್ನೆರಡು ವರ್ಷ ಆಳಿದ. ಭೂಲೋಕಮಲ್ಲ, ಸರ್ವಜ್ಞಚಕ್ರವರ್ತಿ ಅವನ ಬಿರುದುಗಳು. ತಂದೆಯಂತೆ ಯುದ್ಧಗಳಿಂದ ಹೆಸರಾದವನಲ್ಲ. ಅವನ ಕೀರ್ತಿ ನಿಂತಿರುವುದು ಲೇಖಣಿಯ ಮೇಲೆ. ತಂದೆಯ ಚರಿತೆಯನ್ನು ‘ವಿಕ್ರಮಾಂಕಾಭ್ಯುದಯ’ವೆಂದು ಬರೆಯತೊಡಗಿದ. ಅವನ ಮಹಾಕೃತಿ ‘ಮಾನಸೋಲ್ಲಾಸ’. ‘ಅಭಿಲಷಿತಾರ್ಥ ಚಿಂತಾಮಣಿ’ ಅದರ ಇನ್ನೊಂದು ಹೆಸರು. ಗ್ರಂಥದೊಳಗೆ ಬರುವ ಶಕ 1051ರ ಉಲ್ಲೇಖದಿಂದ ಅದರ ರಚನೆಯನ್ನು 1129ರ ಸುಮಾರಿಗೆ ಇಡಲಾಗಿದೆ. ಐದು ವಿಂಶತಿಗಳು, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯಗಳು, ಒಟ್ಟು ನೂರು. ರಾಜ್ಯವನ್ನು ಪಡೆಯುವ ಬಗೆ, ಪಡೆದುದನ್ನು ನೆಲೆಗೊಳಿಸುವ ಬಗೆ, ಬಳಿಕ ಭೋಗ, ವಿನೋದ, ಕ್ರೀಡೆ ಎಂಬ ಕ್ರಮ ಅದರದು. ಮೈಸೂರಿನಿಂದ 1926ರಲ್ಲಿ ಆರ್. ಶಾಮಶಾಸ್ತ್ರಿಗಳು ಅದರ ಮೊದಲ ಭಾಗವನ್ನು ಪ್ರಕಟಿಸಿದರು. ಬರೋಡದ ಗಾಯಕವಾಡ ಪ್ರಾಚ್ಯಮಾಲೆಯಲ್ಲಿ ಜಿ.ಕೆ. ಶ್ರೀಗೊಂಡೇಕರರ ಸಂಪಾದನೆ 1925ರಿಂದ ಮೂರು ಸಂಪುಟಗಳಾಗಿ ಹೊರಬಂದಿತು.

ಮೂರನೆಯ ವಿಂಶತಿಯಲ್ಲಿ ಅನ್ನಭೋಗವಿದೆ. ಅದನ್ನು ಓದುವ ಮೊದಲು ಒಂದನೆಯ ವಿಂಶತಿಯನ್ನು ನೆನೆಯಬೇಕು. ಸತ್ಯ, ಅದ್ರೋಹ ಮೊದಲಾದ ಗುಣಗಳ ಸಾಲಿನಲ್ಲಿ ದೀನರನ್ನೂ ಅನಾಥರನ್ನೂ ಪೋಷಿಸುವುದು ಅರಸನ ಕರ್ತವ್ಯವೆಂದು ಸೋಮೇಶ್ವರ ಅಲ್ಲಿ ಹೇಳುತ್ತಾನೆ. ಭೋಗದ ಮಾತು ಬರುವುದು ಆ ಬಳಿಕ. ಈ ಅನುಕ್ರಮವನ್ನು ಮರೆತು ಅನ್ನಭೋಗವನ್ನಷ್ಟೇ ಕಿತ್ತು ಓದಿದರೆ ಅವನು ಬರಿಯ ಭೋಜನಪ್ರಿಯನಾಗಿ ಕಾಣುತ್ತಾನೆ.

ಭೋಜನಪ್ರಿಯನಂತೂ ಅವನು ಹೌದು. ಅಡುಗೆಯವರು ಹೇಳಿದುದನ್ನು ಕೇಳಿ ಬರೆದವನ ಮಾತಿನಂತೆ ಈ ಅಧ್ಯಾಯ ಓದಿಸಿಕೊಳ್ಳುವುದಿಲ್ಲ. ಒಲೆಯ ಬಳಿ ನಿಂತು ನೋಡಿದವನ ಕಣ್ಣು ಇಲ್ಲಿದೆ. ಅಕ್ಕಿಯಲ್ಲಿ ಎಂಟು ಬಗೆಗಳನ್ನು ಎಣಿಸುತ್ತಾನೆ: ಕೆಂಪಕ್ಕಿ, ದೊಡ್ಡಕ್ಕಿ, ಸಣ್ಣಕ್ಕಿ, ಗಂಧಶಾಲಿ, ಅರುವತ್ತು ದಿನಗಳಲ್ಲಿ ಮಾಗುವ ಷಷ್ಟಿಕ ಮುಂತಾಗಿ. ಬೇಳೆಗಳನ್ನು ಬೇಯಿಸುವ ಬಗೆಯನ್ನು ವಿವರಿಸುತ್ತಾನೆ. ಗೋಧಿಯ ಕಣಕದಿಂದ ಮಂಡಕ, ಪೋಲಿಕೆ. ಬೇಳೆಯ ಹಿಟ್ಟಿನಿಂದ ವಟಕ, ಪೂರಿಕೆ, ಘಾರಿಕೆ, ದೋಸಕ. ಹಾಲು ಮೊಸರುಗಳಿಂದ ಶಿಖರಿಣಿ, ಮಜ್ಜಿಕೆ. ಮಾಂಸದ ಅಡುಗೆಗಳೂ ಬಹಳ. ಹಂದಿ, ಜಿಂಕೆ, ಮೊಲ, ಮೀನು, ಆಮೆಗಳ ಪಾಕವನ್ನು ಅಷ್ಟೇ ಶ್ರದ್ಧೆಯಿಂದ ಬರೆಯುತ್ತಾನೆ. ನೀರಿಗೂ ಒಂದು ಅಧ್ಯಾಯವುಂಟು. ಮೂಲಭೇದದಿಂದ ನೀರನ್ನು ವಿಂಗಡಿಸಿ, ಹೂಗಳಿಂದ ಅದನ್ನು ಕಂಪಾಗಿಸುವ ಕ್ರಮವನ್ನು ಹೇಳುತ್ತಾನೆ.

ಈ ಹೆಸರುಗಳನ್ನು ಕನ್ನಡ ವಿದ್ಯಾರ್ಥಿ ಮತ್ತೊಮ್ಮೆ ಗಟ್ಟಿಯಾಗಿ ಉಚ್ಚರಿಸಿ ನೋಡಬೇಕು. ಮಂಡಕವೆಂದರೆ ಮಂಡಿಗೆ, ಪೋಲಿಕೆಯೆಂದರೆ ಹೋಳಿಗೆ, ದೋಸಕವೆಂದರೆ ದೋಸೆ, ಮಜ್ಜಿಕೆಯೆಂದರೆ ಮಜ್ಜಿಗೆ, ಘಾರಿಕೆಯೆಂದರೆ ಗಾರಿಗೆ. ಗ್ರಂಥದ ಭಾಷೆ ಸಂಸ್ಕೃತ, ಅದರ ಅಡುಗೆಮನೆ ದಖ್ಖನಿನದು. ದೇಶ್ಯದ ಹೆಸರುಗಳಿಗೆ ಸಂಸ್ಕೃತದ ಉಡುಗೆ ತೊಡಿಸಿ ಸಭೆಗೆ ಕರೆತಂದವನು ಸೋಮೇಶ್ವರ. ಮಂಡಕದ ವಿಧಾನವಂತೂ ಇಂದಿಗೂ ಬದುಕಿದೆ. ಕಣಕವನ್ನು ಕೈಗಳಲ್ಲೇ ಅಗಲಿಸಿ, ಬೋರಲು ಹಾಕಿದ ಕಾದ ಮಡಕೆಯ ಬೆನ್ನಿನ ಮೇಲೆ ಹರವಿ ಬೇಯಿಸುವ ಈ ಕೌಶಲವನ್ನು ಬೆಳಗಾವಿ ಸೀಮೆಯ ಮಾಂಡೆ ಮಾಡುವವರು ಬಿಟ್ಟುಕೊಟ್ಟಿಲ್ಲ. ಮನಸ್ಸಿನಲ್ಲೇ ಮಂಡಿಗೆ ತಿನ್ನುವುದೆಂಬ ನುಡಿಗಟ್ಟು ಹುಟ್ಟಿದುದೂ ಅದು ಎಲ್ಲರ ಒಲೆಯ ತಿನಿಸಲ್ಲವೆಂಬ ಕಾರಣಕ್ಕೇ ಇರಬೇಕು. ಎಟುಕದ ಭಕ್ಷ್ಯವನ್ನು ಮನಸ್ಸಿನಲ್ಲಿಯೇ ತಿನ್ನಬೇಕಷ್ಟೆ.

ಇನ್ನು ಇಡರಿಕೆ. ಹುಳಿಬಂದ ಉದ್ದಿನ ಹಿಟ್ಟನ್ನು ಚಿಕ್ಕ ಚಿಕ್ಕದಾಗಿ ಬೇಯಿಸಿ, ಮೆಣಸಿನ ಪುಡಿ ಉದುರಿಸಿ, ತುಪ್ಪ, ಇಂಗು, ಜೀರಿಗೆಗಳ ಪರಿಮಳ ಕೊಡುವ ತಿನಿಸು ಇದು. ಇದಕ್ಕೆ ಹಿಂದಿನ ಎರಡು ಕನ್ನಡ ಸಾಕ್ಷ್ಯಗಳಿವೆ. ಹತ್ತನೆಯ ಶತಮಾನದ ಜೈನ ಗದ್ಯಕೃತಿ ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆಯ ಹೆಸರು ಬರುತ್ತದೆ. ಸುಮಾರು 1025ರಲ್ಲಿ, ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯ ‘ಲೋಕೋಪಕಾರ’ದ ಸೂಪಶಾಸ್ತ್ರ ಭಾಗದಲ್ಲಿ ಅದರ ಕ್ರಮವನ್ನೇ ಕೊಡುತ್ತಾನೆ: ಉದ್ದಿನ ಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ಅರೆದು, ಮೊಸರಿನ ತಿಳಿನೀರಿನಿಂದ ಕಲಸಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಬೆರಸಬೇಕು. ಈ ಚಾವುಂಡರಾಯ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ, 978ರ ‘ಚಾವುಂಡರಾಯ ಪುರಾಣ’ದ ಕರ್ತೃವಾದ ಚಾವುಂಡರಾಯನಲ್ಲ. ಇಬ್ಬರನ್ನು ಒಂದುಮಾಡುವ ತಪ್ಪು ಬರೆಹಗಳಲ್ಲಿ ಮತ್ತೆ ಮತ್ತೆ ನುಸುಳುತ್ತದೆ.

ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ಇತಿಹಾಸಕಾರ ಕೆ.ಟಿ. ಅಚಯ ಅವರು ಈ ಮೂರು ಉಲ್ಲೇಖಗಳನ್ನು ಒಟ್ಟಿಗೆ ಇಟ್ಟು, ಇಂದಿನ ಇಡ್ಲಿಯ ಮೂರು ಲಕ್ಷಣಗಳು ಅವುಗಳಲ್ಲಿ ಇಲ್ಲವೆಂದು ವಾದಿಸಿದರು: ಅಕ್ಕಿಯ ತರಿ ಬೆರಸುವುದು, ದೀರ್ಘಕಾಲ ಹುದುಗು ಬರಿಸುವುದು, ಆವಿಯಲ್ಲಿ ಬೇಯಿಸುವುದು. ಈ ಕೊರತೆಯನ್ನು ತುಂಬಲು ಇಂಡೋನೇಷ್ಯದ ದಾರಿಯನ್ನು ಊಹಿಸಿದರು. ಅಕ್ಕಿಯ ಮಾತಿನಲ್ಲಿ ಅವರ ಓದು ಸರಿ. ಹಳೆಯ ಇಡ್ಡಲಿಗೆ ಉದ್ದಿನದು. ಹುದುಗಿನ ಮಾತು ಹಾಗಲ್ಲ. ಮಜ್ಜಿಗೆಯಲ್ಲಿ ನೆನೆದು ಮೊಸರಿನ ತಿಳಿಯಲ್ಲಿ ಕಲಸಿದ ಹಿಟ್ಟು ಹುಳಿಯಾಗದೆ ಇರುವುದಿಲ್ಲ. ಸೋಮೇಶ್ವರನಲ್ಲಿ ಹಿಟ್ಟಿನ ಹುಳಿತನ ವಿಧಾನದ ಭಾಗವಾಗಿಯೇ ಬರುತ್ತದೆ. ಆದುದರಿಂದ ಹುದುಗಿನ ಅರಿವು ಹೊರಗಿನಿಂದ ಬರಬೇಕಾಗಿತ್ತೆಂಬ ವಾದವನ್ನು ಕನ್ನಡ ನೆಲದ ಈ ಗ್ರಂಥಗಳು ಸುಲಭವಾಗಿ ಒಪ್ಪುವುದಿಲ್ಲ. ಇದರ ಎದುರು ದಿಕ್ಕಿನ ಉತ್ಸಾಹವೂ ಅಷ್ಟೇ ಅಪಾಯಕಾರಿ. ಸೋಮೇಶ್ವರ ಬೆಳಗಾಗೆದ್ದು ಇಡ್ಲಿ ತಿನ್ನುತ್ತಿದ್ದನೆಂದು ಬರೆಯುವವರು ಗ್ರಂಥವನ್ನು ಮೀರಿ ಹೋಗುತ್ತಾರೆ. ಇಡರಿಕೆ ಅಲ್ಲಿ ರಾಜಭೋಜನದ ಅಂಗ. ಬೆಳಗಿನ ಉಪಾಹಾರವೆಂಬ ಇಂದಿನ ವಿಭಾಗವನ್ನು ಹನ್ನೆರಡನೆಯ ಶತಮಾನದ ಎಲೆಯ ಮೇಲೆ ಬಡಿಸಲಾಗದು. ಹೆಸರು ಒಂದೇ ಆದ ಮಾತ್ರಕ್ಕೆ ತಿನಿಸೂ ಒಂದೇ ಎನ್ನಲಾಗದು. ಪದ ಉಳಿದು ಪದಾರ್ಥ ಬದಲಾಗುವುದು ಭಾಷೆಯ ಚರಿತ್ರೆಯಲ್ಲಿ ನಿತ್ಯದ ಸಂಗತಿ.

ಈ ಪಾಕಗಳಲ್ಲಿ ಮತ್ತೆ ಮತ್ತೆ ಬರುವ ಮೆಣಸು, ಇಂಗುಗಳು ಕೃಷ್ಣಾ-ಮಲಪ್ರಭಾ ಬಯಲಿನ ಬೆಳೆಗಳಲ್ಲ. ಮೆಣಸು ಪಶ್ಚಿಮಘಟ್ಟದ್ದು, ಇಂಗು ವಾಯವ್ಯದ ದೂರ ದೇಶದ್ದು. ಇವನ್ನು ಒಲೆಯವರೆಗೆ ತಂದವರು ವರ್ತಕರು. ಮಧ್ಯಕಾಲೀನ ದಕ್ಷಿಣ ಭಾರತದ ಮಹಾ ವರ್ತಕಸಂಘವಾದ ಅಯ್ಯಾವೊಳೆ ಐನೂರ್ವರ ಹೆಸರಿನಲ್ಲಿಯೇ ಹುನಗುಂದ ಸೀಮೆಯ ಐಹೊಳೆ ಇದೆ. ಸಂಬಾರ, ಸುಗಂಧದ್ರವ್ಯಗಳು ಅವರ ಮುಖ್ಯ ಸರಕು. ರವಿಕೀರ್ತಿಯ ಶಾಸನವಿರುವ ಊರಿನ ಹೆಸರು ಹೊತ್ತವರೇ ಅಡುಗೆಮನೆಗಳಿಗೂ ಪರಿಮಳ ಪೂರೈಸಿದರೆಂಬುದು ಐಹೊಳೆಯ ಚರಿತ್ರೆಯಲ್ಲಿ ಗುಡಿಗಳಷ್ಟೇ ಮುಖ್ಯವಾದ ಅಧ್ಯಾಯ.

ಸೋಮೇಶ್ವರನ ಅನ್ನಭೋಗದಲ್ಲಿ ಹಿರಿಯಾಸನ ಅಕ್ಕಿಯದು. ಎರೆಭೂಮಿಯ ಜನರ ಹೊಟ್ಟೆ ತುಂಬಿಸಿದುದು ಜೋಳ. ಅದರ ಘನತೆಯನ್ನು ಅರಿಯಲು ಪಾಕಶಾಸ್ತ್ರವನ್ನು ಬಿಟ್ಟು ಕಾವ್ಯಕ್ಕೂ ವೀರಗಲ್ಲುಗಳಿಗೂ ಹೋಗಬೇಕು. ಒಡೆಯನ ಅನ್ನವನ್ನುಂಡ ಋಣಕ್ಕೆ ಪ್ರಾಣ ಕೊಡುವ ವೀರನ ನಿಷ್ಠೆಯನ್ನು ಹಳಗನ್ನಡ ‘ಜೋಳದ ಪಾಳಿ’, ‘ಜೋಳವಾಳಿ’ ಎಂದು ಕರೆಯಿತು. ಪಂಪನ ಕರ್ಣನ ಸ್ವಾಮಿನಿಷ್ಠೆಯನ್ನು ವಿಮರ್ಶಕರು ಈ ಪದದಿಂದಲೇ ಅಳೆದಿದ್ದಾರೆ. ಸಾವಿಗೆ ಸಮನಾದ ಋಣಕ್ಕೆ ಅಕ್ಕಿಯ ಹೆಸರು ಬರಲಿಲ್ಲ, ಗೋಧಿಯ ಹೆಸರೂ ಬರಲಿಲ್ಲ. ಒಂದು ಧಾನ್ಯ ನೀತಿಯ ಪರಿಭಾಷೆಯಾದ ಬಗೆ ಇದು. ಆ ಧಾನ್ಯದ ಸೀಮೆಯಲ್ಲಿಯೇ, ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿದ ಮುದುವೊಳಲಿನಲ್ಲಿ, ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿ ಕವಿಚಕ್ರವರ್ತಿಯಾದವನು ರನ್ನ. ಒಡೆಯ, ಋಣ, ಛಲಗಳ ಲೋಕವನ್ನು ‘ಗದಾಯುದ್ಧ’ದಲ್ಲಿ ಕಟ್ಟಿದ ಈ ಜೈನಕವಿಯ ಓದುಗರಿಗೆ ಜೋಳದ ಋಣವೆಂದರೇನೆಂದು ವಿವರಿಸಬೇಕಾಗಿರಲಿಲ್ಲ.

ಸೋಮೇಶ್ವರ ತೀರಿಕೊಂಡು ಎರಡು ದಶಕಗಳಾಗುವಷ್ಟರಲ್ಲಿ ಕಲ್ಯಾಣ ಕಳಚುರಿ ಬಿಜ್ಜಳನ ಕೈಸೇರಿತ್ತು. ಅದೇ ನಗರದಲ್ಲಿ ಅನ್ನದ ಬೇರೊಂದು ವಿಚಾರ ತಲೆಯೆತ್ತಿತು. ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ, ಕೃಷ್ಣೆ ಮಲಪ್ರಭೆಗಳು ಕೂಡುವಲ್ಲಿ, ಬೆಳೆದ ಬಸವಣ್ಣ ಅಲ್ಲಿಗೆ ಬಂದ. ಶರಣರ ಪರಂಪರೆ ಮನ್ನಿಸಿದ ತಿನಿಸು ಮಂಡಕವಲ್ಲ, ಶಿಖರಿಣಿಯಲ್ಲ. ಮಾದಾರ ಚೆನ್ನಯ್ಯನ ಅಂಬಲಿ. ಚೋಳನ ಮೃಷ್ಟಾನ್ನವನ್ನು ಬಿಟ್ಟು ಶಿವನು ಚೆನ್ನಯ್ಯನ ಅಂಬಲಿಯನ್ನು ಸವಿದನೆಂಬ ಕಥೆಯನ್ನು ಆ ಪರಂಪರೆ ಮರೆಯದೆ ಕಾಪಾಡಿತು. ಬಸವಣ್ಣ ಚೆನ್ನಯ್ಯನನ್ನು ತನ್ನ ಕುಲದ ಹಿರಿಯನೆಂದು ಹೇಳಿಕೊಂಡ. ಒಬ್ಬ ಅರಸನ ‘ಭೋಗ’, ಒಬ್ಬ ಶರಣನ ‘ದಾಸೋಹ’ ಎರಡೂ ಒಂದೇ ಪಟ್ಟಣದ, ಹೆಚ್ಚುಕಡಿಮೆ ಒಂದೇ ತಲೆಮಾರಿನ ಮಾತುಗಳು. ಉಣ್ಣುವವನ ರುಚಿಯಿಂದ ಅನ್ನವನ್ನು ನೋಡಿದರೆ ಭೋಗವಾಗುತ್ತದೆ, ಹಂಚುವವನ ಕೈಯಿಂದ ನೋಡಿದರೆ ದಾಸೋಹವಾಗುತ್ತದೆ. ಕನ್ನಡ ಸಂಸ್ಕೃತಿಯ ಚರಿತ್ರೆಕಾರನಿಗೆ ಎರಡೂ ಬೇಕು. ಮಾನಸೋಲ್ಲಾಸ ಇಲ್ಲದೆ ತಿನಿಸುಗಳ ಚರಿತ್ರೆಯಿಲ್ಲ, ಅಂಬಲಿಯ ಕಥೆಯಿಲ್ಲದೆ ಹಸಿವಿನ ಚರಿತ್ರೆಯಿಲ್ಲ.

ಇವೆರಡರ ನಡುವೆ ಜೈನರ ನಿಲುವು ಪ್ರತ್ಯೇಕವಾಗಿ ಗಮನಿಸತಕ್ಕದ್ದು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಆಹಾರದಾನ ಒಂದು. ಸೂರ್ಯ ಮುಳುಗಿದ ಮೇಲೆ ಉಣ್ಣಬಾರದೆಂಬ ವ್ರತ ಊಟದ ವೇಳೆಯನ್ನು ಹೊತ್ತಿನೊಂದಿಗೆ ಕಟ್ಟಿಹಾಕಿತು. ಸಂಜೆಯ ಮುನ್ನ ಉಂಡು ಮುಗಿಸಿದವರಿಗೆ ಮರುದಿನ ಬೆಳಗಿನ ತುತ್ತು ದೀರ್ಘ ಉಪವಾಸದ ಪಾರಣೆಯೇ ಸರಿ. ರುಚಿಯ ಬಗೆಗಿನ ಜೈನರ ಧೋರಣೆಯನ್ನು ತಿಳಿಯಲು ವಡ್ಡಾರಾಧನೆಯ ಸುಕುಮಾರಸ್ವಾಮಿಯ ಕಥೆಯೊಂದೇ ಸಾಕು. ತಾವರೆಯ ಹೂಗಳೊಳಗಿಟ್ಟು ಕಂಪೇರಿದ ಅಕ್ಕಿಯ ಅನ್ನವನ್ನಷ್ಟೇ ಉಂಡು ಬೆಳೆದವನು ಸುಕುಮಾರ. ಅರಸ ಮನೆಗೆ ಬಂದ ದಿನ ಬೇರೆ ಅಕ್ಕಿ ಬೆರೆತಾಗ, ಅಗುಳಗುಳನ್ನು ಆರಿಸಿ ಉಂಡ. ನಾಲಗೆಯ ನಯದಲ್ಲಿ ಸೋಮೇಶ್ವರನ ಗ್ರಂಥದ ಯಾವ ರಸಿಕನೂ ಅವನನ್ನು ಮೀರಲಾರ. ಅದೇ ಸುಕುಮಾರ ವಿರಕ್ತನಾಗಿ ಕಾಡಿನಲ್ಲಿ ನಿಂತಾಗ, ಮರಿಗಳೊಂದಿಗೆ ಬಂದ ನರಿ ಅವನ ದೇಹವನ್ನೇ ತಿನ್ನುತ್ತದೆ, ಅವನು ಕದಲುವುದಿಲ್ಲ. ಉಣ್ಣುವವನು ಉಣಿಸಾದ. ರುಚಿಯನ್ನು ಇಷ್ಟು ಸೂಕ್ಷ್ಮವಾಗಿ ಬಲ್ಲ ಕಥೆಗಾರನಿಗೆ ಮಾತ್ರ ತ್ಯಾಗದ ಬೆಲೆಯನ್ನು ಇಷ್ಟು ನಿಖರವಾಗಿ ಹೇಳಲು ಸಾಧ್ಯ.

ತ್ಯಾಗವನ್ನು ಬರೆದ ಪರಂಪರೆಯೇ ಕನ್ನಡಕ್ಕೆ ಅಡುಗೆಯ ಕಾವ್ಯವನ್ನೂ ಕೊಟ್ಟಿತು. ಹದಿನಾರನೆಯ ಶತಮಾನದ ಆರಂಭದಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲಿ ರಚಿಸಿದ. ‘ಸಮ್ಯಕ್ತ್ವಕೌಮುದಿ’, ‘ನೇಮಿಜಿನೇಶ ಸಂಗತಿ’ಗಳ ಕವಿ ಅವನು. ಹಿಟ್ಟಿನ ತಿನಿಸುಗಳು, ಪಾನಕಗಳು, ಅನ್ನದ ಬಗೆಗಳು, ಕಾಯಿಪಲ್ಯಗಳು ಅವನ ವಸ್ತು. ಮಾಂಸಕ್ಕೆ ಅಲ್ಲಿ ಎಡೆಯಿಲ್ಲ. ಸೋಮೇಶ್ವರನ ಬೇಟೆಯ ಭಕ್ಷ್ಯಗಳಿಗೆ ಎದುರಾಗಿ, ರುಚಿಗೆ ಹಿಂಸೆ ಅಗತ್ಯವಲ್ಲವೆಂಬ ವಾದವನ್ನು ವಾದವಾಗಿ ಹೂಡದೆ ಅಡುಗೆಯಾಗಿಯೇ ಬಡಿಸಿದ ಕೃತಿ ಇದು. ಬದನೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟುದು ಅದರ ವಿಶೇಷ. ಬಹುಬೀಜವೆಂದು ನಿಷ್ಠಾವಂತ ಜೈನರು ಬದನೆಯನ್ನು ವರ್ಜಿಸುವುದುಂಟು. ಜೈನಕವಿಯೇ ಅದನ್ನು ಮೆಚ್ಚಿ ಬರೆದಿರುವುದು ಶಾಸ್ತ್ರದ ಅಡುಗೆಮನೆಗೂ ಬದುಕಿನ ಅಡುಗೆಮನೆಗೂ ಇರುವ ಅಂತರವನ್ನು ತೋರಿಸುತ್ತದೆ.

ಈಗ ಇದೇ ಸೀಮೆಯ ಇಂದಿನ ಬೆಳಗನ್ನು ನೋಡಬಹುದು. ಇಳಕಲ್ಲಿನ ಕುಣಿಮಗ್ಗಗಳ ಓಣಿಯಲ್ಲಿ, ಬಾಗಲಕೋಟೆಯ ಬಸ್ ನಿಲ್ದಾಣದ ಬಳಿ, ಹುನಗುಂದದ ಪೇಟೆಯಲ್ಲಿ ಸುಸಲಾ, ಒಗ್ಗರಣೆ ಅವಲಕ್ಕಿ, ಉಪ್ಪಿಟ್ಟು, ಇಡ್ಲಿ, ಮಿರ್ಚಿ ಭಜಿಗಳ ಹಬೆ ಏಳುತ್ತದೆ. ಹೊಲಕ್ಕೆ ಹೋಗುವವರ ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಇದೆಲ್ಲವೂ ಚಾಲುಕ್ಯರ ಕಾಲದಿಂದ ಹಾಗೆಯೇ ಬಂದುದೆಂದು ನಂಬುವುದು ಸುಲಭ, ನಿಜವಲ್ಲ. ಮಿರ್ಚಿಯ ಮೆಣಸಿನಕಾಯಿಯೂ ಹಿಂಡಿಯ ಶೇಂಗಾವೂ ಅಮೆರಿಕ ಖಂಡದ ಬೆಳೆಗಳು. ಪೋರ್ತುಗೀಸರು ಪಶ್ಚಿಮ ಕರಾವಳಿಗೆ ಬಂದ ಬಳಿಕ ಭಾರತದಲ್ಲಿ ನೆಲೆಯೂರಿದವು. ಸೋಮೇಶ್ವರನ ‘ಮೆಣಸು’ ಕರಿಮೆಣಸು. ಈ ಸೀಮೆಯ ಖಾರವೆಂದು ಹೆಸರಾದ ಖಾರ ಬಾದಾಮಿಯ ಗುಹಾಲಯಗಳಿಗಿಂತ ಸುಮಾರು ಸಾವಿರ ವರ್ಷ ಕಿರಿಯದು. ಹಳೆಯದು ಜೋಳ, ಹಳೆಯದು ಉದ್ದು, ಹಳೆಯದು ಮಜ್ಜಿಗೆ, ಹಳೆಯದು ಬದನೆ.

ಬಾದಾಮಿಯ ಸಮೀಪದ ಬನಶಂಕರಿಯಲ್ಲಿ ಈ ಹಳತು ಹೊಸತುಗಳು ಒಂದೇ ಬುಟ್ಟಿಯಲ್ಲಿ ಕೂಡಿ ಕುಳಿತಿವೆ. ಗುಡಿಯ ಮುಂದಿನ ಹರಿದ್ರಾತೀರ್ಥದ ದಡದಲ್ಲಿ ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಚಟ್ನಿ, ಪುಟ್ಟ ಗಡಿಗೆಗಳಲ್ಲಿ ಕೆನೆಮೊಸರು ಇಟ್ಟುಕೊಂಡು ಯಾತ್ರಿಕರನ್ನು ಕರೆದು ಬಡಿಸುತ್ತಾರೆ. ಶಾಕಂಭರಿಯೆಂದೂ ಹೆಸರಾದ ಆ ದೇವಿಯನ್ನು ಚಾಲುಕ್ಯರ ಕುಲದೇವತೆಯೆಂದು ಸೀಮೆ ನಂಬಿದೆ. ಪುಷ್ಯಮಾಸದ ಜಾತ್ರೆಯ ಪಲ್ಯದ ಹಬ್ಬದಲ್ಲಿ 108 ಬಗೆಯ ಪಲ್ಯಗಳ ನೈವೇದ್ಯ ಅವಳಿಗೆ ಸಲ್ಲುತ್ತದೆ. ಚಕ್ರವರ್ತಿ ಸಂಸ್ಕೃತದಲ್ಲಿ ಶ್ಲೋಕ ಕಟ್ಟಿ ಮಾಡಿದ ತಿನಿಸುಗಳ ಗಣನೆಯನ್ನು ಈ ಹೆಣ್ಣುಮಕ್ಕಳು ವರ್ಷಕ್ಕೊಮ್ಮೆ ಕೈಯಿಂದ ಮಾಡುತ್ತಾರೆ. ಅವರ ಅರಿವು ಯಾವ ವಿಂಶತಿಯಲ್ಲಿಯೂ ಬರೆಹಕ್ಕಿಳಿಯಲಿಲ್ಲ.

ಸೋಮೇಶ್ವರನ ಹಿರಿಮೆ ಇರುವುದು ಇಲ್ಲಿಯೇ. ಅರಸನ ಊಟವನ್ನು ಬರೆಯಹೋಗಿ, ಅದನ್ನು ಮಾಡಿದ ಕೈಗಳ ಕೌಶಲವನ್ನೂ ಅವರಾಡುತ್ತಿದ್ದ ಮಾತನ್ನೂ ಅವನು ಉಳಿಸಿದ. ಇಡರಿಕೆ, ಮಂಡಕ, ಪೋಲಿಕೆ ಎಂಬ ಪದಗಳು ಪಂಡಿತರ ಸೃಷ್ಟಿಯಲ್ಲ, ಒಲೆಯ ಮುಂದೆ ಕುಳಿತವರ ನುಡಿ. ಅನ್ನಪ್ರೀತಿ ಅವನಿಗೆ ಆ ನುಡಿಯನ್ನು ಕೇಳಿಸಿಕೊಳ್ಳುವ ಕಿವಿ ಕೊಟ್ಟಿತು. ಕಲ್ಯಾಣದ ಅರಮನೆ ಅಳಿದಿದೆ, ಭೂಲೋಕಮಲ್ಲನೆಂಬ ಬಿರುದು ಶಾಸನಗಳಿಗೆ ಸೀಮಿತವಾಗಿದೆ; ಅವನು ಬರೆದಿಟ್ಟ ತಿನಿಸುಗಳ ಹೆಸರುಗಳು ಮಾತ್ರ ಪ್ರತಿ ಬೆಳಗೂ ಕನ್ನಡಿಗರ ಬಾಯಲ್ಲಿವೆ.